ನಾನ್‌ಜಿಂಗಿನ ವಾರ್ಡಿನಲ್ಲಿ ಕಂಪ್ಲಿಯ ಹುಡುಗಿ

ಬೆಳಿಗ್ಗೆ ಎಂಟು ಗಂಟೆ. ಚೀನಾದ ನಾನ್‌ಜಿಂಗ್ ನಗರ, ಒಂದು ಆಸ್ಪತ್ರೆಯ ಸರ್ಜರಿ ವಾರ್ಡು. ರಾತ್ರಿ ಪಾಳಿಯವರು ಹಗಲು ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವ ಹೊತ್ತು. ಬಿಳಿ ಕೋಟಿನವರೆಲ್ಲ ಅರ್ಧ ಸುತ್ತು ಕಟ್ಟಿ ನಿಂತಿದ್ದಾರೆ. ಹೊರದೇಶದ ವಿದ್ಯಾರ್ಥಿಗಳು ನಾವು ಮೂವರು ಬಾಗಿಲ ಹತ್ತಿರ, ಕೈಯಲ್ಲಿ ಪುಟ್ಟ ನೋಟ್‌ಬುಕ್ಕು ಹಿಡಿದು ನಿಂತಿದ್ದೇವೆ. ನರ್ಸು ಒಂದೇ ಉಸಿರಿಗೆ ಓದುತ್ತಿದ್ದಾಳೆ: ಹಾಸಿಗೆ ನಂಬರು, ಜ್ವರ ಎಷ್ಟು, ಬಿಪಿ ಎಷ್ಟು, ರಾತ್ರಿ ಎಷ್ಟು ಸಲ ವಾಂತಿ. ಅಂಕಿಗಳು ನನ್ನ ಕಿವಿಗೆ ಸಿಗುತ್ತವೆ. ನಡುವಿನ ಮಾತುಗಳ ಹಿಂದೆ ನಾನು ಓಡುತ್ತಿದ್ದೇನೆ.

ಸುತ್ತು ಮುಗಿಯಿತು. ಕಿಟಕಿ ಪಕ್ಕದ ಹಾಸಿಗೆಯ ಮುಂದೆ ನಮ್ಮ ಲಾವ್‌ಶಿ ನಿಂತರು. ಇಲ್ಲಿ ಗುರುಗಳನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ. ರಾತ್ರಿ ತುರ್ತು ವಿಭಾಗದಿಂದ ಬಂದ ರೋಗಿ, ಎಪ್ಪತ್ತು ದಾಟಿದ ಅಜ್ಜಿ. ಆಸ್ಪತ್ರೆಯ ಪಟ್ಟೆ ಅಂಗಿಯ ಮೇಲೆ ಹತ್ತಿ ತುಂಬಿದ ಹೂವಿನ ಜಾಕೀಟು ಹಾಕಿಕೊಂಡಿದ್ದಾರೆ. ತಲೆದಿಂಬಿನ ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ಲಾವ್‌ಶಿ ನನ್ನ ಕಡೆ ತಿರುಗಿ ಗಲ್ಲ ಆಡಿಸಿದರು, ನೀನು ಕೇಳು ಎಂದು.

ನಾನು ಹಾಸಿಗೆಯ ಹತ್ತಿರ ಹೋಗಿ ಬಗ್ಗುತ್ತೇನೆ. "ನೈನೈ, ನಾಲಿ ಥಂಗ್?" ಅಜ್ಜೀ, ಎಲ್ಲಿ ನೋಯುತ್ತೆ?

ಅಜ್ಜಿ ನನ್ನ ಮುಖ ನೋಡಿದರು. ಯಾವ ದೇಶದವಳು ಎಂದು ಮೊದಲು ಅವರೇ ಕೇಳಿದರು. ಭಾರತ ಎಂದೆ. ಆಮೇಲೆ ಉತ್ತರ ಬಂತು. ಆ ಮಾತು ನಾನು ತರಗತಿಯಲ್ಲಿ ಕಲಿತ ಚೀನೀ ಭಾಷೆಯಲ್ಲ, ಹಳೆಯ ನಾನ್‌ಜಿಂಗ್ ಮಾತು. ಈ ಊರಿನ ಹಿರಿಯರ ಬಾಯಲ್ಲಿ 'ನ'ಕಾರ 'ಲ'ಕಾರ ಒಂದಾಗಿಬಿಡುತ್ತವೆ. ತಮ್ಮ ಊರನ್ನೇ ಅವರು ಲಾನ್‌ಜಿಂಗ್ ಎನ್ನುತ್ತಾರೆ. ಕೆಲವು ಪದಗಳ ಕೊನೆಯನ್ನು ಗಂಟಲಲ್ಲೇ ಕತ್ತರಿಸುತ್ತಾರೆ. ನಾನು ಮತ್ತೆ ಕೇಳುತ್ತೇನೆ, ನಿಧಾನವಾಗಿ. ಪಕ್ಕದ ಹಾಸಿಗೆಯವರ ಮಗಳು ಒಂದೆರಡು ಮಾತನ್ನು ಪಠ್ಯದ ಚೀನೀಗೆ ತಿರುಗಿಸಿ ಕೊಟ್ಟಳು. ಯಾವಾಗ ಶುರುವಾಯಿತು? ನಿನ್ನೆ ಮಧ್ಯಾಹ್ನ. ಆಗ ಎಲ್ಲಿತ್ತು? ಅಜ್ಜಿಯ ಕೈ ಹೊಕ್ಕುಳ ಸುತ್ತ ಒಂದು ಸುತ್ತು ತಿರುಗಿತು. ಈಗ? ಆ ಕೈ ಮೆಲ್ಲಗೆ ಜಾರಿ ಕೆಳಹೊಟ್ಟೆಯ ಬಲಗಡೆ ನಿಂತಿತು. ಊಟ? ಬೇಡವೇ ಬೇಡ ಎಂದು ಮುಖ ಸಿಂಡರಿಸಿದರು.

ಹೊಕ್ಕುಳ ಸುತ್ತ ಹುಟ್ಟಿ ಬಲಕ್ಕೆ ಇಳಿದ ನೋವು, ಹಸಿವಿಲ್ಲ, ಆಮೇಲೆ ವಾಂತಿ. ಅಪೆಂಡಿಕ್ಸ್ ಬಾತಾಗ ಪುಸ್ತಕದಲ್ಲಿ ಬರೆದಿರುವ ಕ್ರಮವೇ ಇದು. ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಇವೆ. ಆದರೆ ನೋವು ನಡೆದ ದಾರಿಯನ್ನು ಯಾವ ಯಂತ್ರವೂ ಹೇಳಲಾರದು, ರೋಗಿಯೇ ಹೇಳಬೇಕು. ಲಾವ್‌ಶಿ ನನ್ನ ಬೆರಳುಗಳನ್ನು ಆ ಜಾಗಕ್ಕೆ ನಡೆಸಿದರು. ಮೆಲ್ಲಗೆ ಒತ್ತಿ, ತಟ್ಟನೆ ಬಿಟ್ಟೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದರು. ಹಿಡಿತ ಗಟ್ಟಿಯಾಗಿತ್ತು. ಮಧ್ಯಾಹ್ನಕ್ಕೆ ಅವರನ್ನು ಆಪರೇಷನ್ನಿಗೆ ಒಯ್ದರು.

ಇದನ್ನು ಇಷ್ಟು ಉದ್ದಕ್ಕೆ ಹೇಳುವುದಕ್ಕೆ ಕಾರಣವಿದೆ. ಹೊಸಪೇಟೆಯಲ್ಲಿ ನನಗೆ ಸೀಟು ಮಾಡಿಸಿಕೊಟ್ಟ ಏಜೆಂಟರು, ಪಾಠವೆಲ್ಲ ಇಂಗ್ಲಿಷಿನಲ್ಲೇ, ಭಾಷೆಯ ಚಿಂತೆ ಬೇಡ ಎಂದು ಅಪ್ಪನಿಗೆ ಹೇಳಿದ್ದರು. ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ, ನಿಜ. ರೋಗಿ ಇಂಗ್ಲಿಷಿನಲ್ಲಿ ನರಳುವುದಿಲ್ಲ.

ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸು, ಅಲ್ಲಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರು, ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ ಚೀನಾ. ನಾನು ಹೊರಟಾಗ ಎರಡು ದೇಶಗಳ ನಡುವೆ ನೇರ ವಿಮಾನವೇ ಇರಲಿಲ್ಲ. ಐದು ವರ್ಷ ನಿಂತಿದ್ದದ್ದು 2025ರ ಅಕ್ಟೋಬರ್ 26ರಂದು ಕೋಲ್ಕತ್ತಾದಿಂದ ಗುವಾಂಗ್‌ಝೌಗೆ ಮತ್ತೆ ಶುರುವಾಯಿತು. ಅಪ್ಪ ಸ್ಟೇಷನ್ನಿಗೆ ಬಂದಿದ್ದರು. ಕಾಲುವೆ ನೀರಿನ ಭತ್ತದ ಗದ್ದೆಯ ಮನುಷ್ಯ, ರೈಲು ಹೊರಡುವ ತನಕ ಸೂಟ್‌ಕೇಸಿನ ಬೀಗವನ್ನೇ ಎಳೆದೆಳೆದು ನೋಡುತ್ತಿದ್ದರು.

ಇಲ್ಲಿಗೆ ಬಂದವರನ್ನು ಮೊದಲು ಹಿಡಿಯುವುದು ಚಳಿ. ಹುವಾಯ್ ನದಿಯಿಂದ ಉತ್ತರಕ್ಕೆ ಚಳಿಗಾಲ ಬಂತೆಂದರೆ ಊರಿಗೆಲ್ಲ ಒಂದೇ ವ್ಯವಸ್ಥೆಯಲ್ಲಿ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಮನೆಗಳನ್ನು ಬೆಚ್ಚಗಿಡುತ್ತಾರೆ. ನಾನ್‌ಜಿಂಗ್ ಆ ಗೆರೆಯ ದಕ್ಷಿಣಕ್ಕಿದೆ, ಹಾಗಾಗಿ ಆ ಏರ್ಪಾಡು ಇಲ್ಲಿಲ್ಲ. ಜನವರಿಯಲ್ಲಿ ಹೊರಗಿನ ಚಳಿ ಕೋಣೆಯೊಳಗೂ ಬಂದು ಕೂರುತ್ತದೆ. ಮೇ ತಿಂಗಳ ನಲವತ್ತು ಡಿಗ್ರಿಯಲ್ಲಿ ಬೆಳೆದ ಮೈ ಒದ್ದೆ ಚಳಿಗೆ ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ಕ್ಯಾಂಟೀನಿನಲ್ಲಿ ಎಲ್ಲಿ ನೋಡಿದರೂ ಬಾತುಕೋಳಿ: ಉಪ್ಪು ಹಚ್ಚಿ ಬೇಯಿಸಿದ್ದು, ಅದರದ್ದೇ ಸಾರು, ಹೆಪ್ಪುಗಟ್ಟಿಸಿದ ಅದರ ರಕ್ತದ ತುಂಡು ಹಾಕಿದ ಶಾವಿಗೆ. ನನ್ನ ತಟ್ಟೆಯಲ್ಲಿ ಅನ್ನ, ಟೊಮೇಟೊ ಮೊಟ್ಟೆ. ರಾತ್ರಿ ಹಾಸ್ಟೆಲಿನ ಅಡುಗೆಕೋಣೆಯಲ್ಲಿ ರಾಯಚೂರಿನ ಗೆಳತಿ, ಕರ್ನೂಲಿನ ಇಬ್ಬರು ಸೇರುತ್ತೇವೆ. ಅವ್ವ ಕಟ್ಟಿಕೊಟ್ಟ ಗುರೆಳ್ಳು ಪುಡಿ, ಶೇಂಗಾ ಪುಡಿ ಎಲ್ಲರ ತಟ್ಟೆಗೂ ಚೂರುಚೂರೇ ಬೀಳುತ್ತದೆ.

ಮನೆಗೆ ಫೋನು ಮಾಡುವುದೂ ಒಂದು ಕೆಲಸವೇ. ವಾಟ್ಸಾಪ್ ಚೀನಾದಲ್ಲಿ ನಡೆಯುವುದಿಲ್ಲ. ಇಲ್ಲಿ ತರಕಾರಿಯಿಂದ ಮೆಟ್ರೊವರೆಗೆ ಎಲ್ಲಕ್ಕೂ ಬೇಕಾದ ವೀಚಾಟನ್ನು ಭಾರತ ಸರ್ಕಾರ 2020ರ ಜೂನ್‌ನಲ್ಲೇ ನಿಷೇಧಿಸಿದೆ. ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿ ಮಾತನಾಡುತ್ತೇನೆ. ಹೊರಡುವ ಮೊದಲೇ ಈ ಏರ್ಪಾಡು ಮಾಡಿಕೊಳ್ಳದವರು ಮೊದಲ ವಾರ ಅಪ್ಪ-ಅವ್ವನ ದನಿಯಿಲ್ಲದೆ ಕಳೆಯುತ್ತಾರೆ. ಹಾಗೆ ಅತ್ತವರನ್ನು ಕಂಡಿದ್ದೇನೆ.

ನವೆಂಬರ್ ಕೊನೆಯ ಒಂದು ಭಾನುವಾರ. ಮೆಟ್ರೊ ಎರಡನೇ ಲೈನಿನಲ್ಲಿ ಮುಶುಯುವಾನ್ ಸ್ಟೇಷನ್ನಿನಲ್ಲಿ ಇಳಿದು, ತರಗತಿಯ ಚೀನೀ ಗೆಳತಿಯ ಜೊತೆ ಝಿಜಿನ್ ಬೆಟ್ಟದ ಕಡೆ ನಡೆಯುತ್ತಿದ್ದೇನೆ. ದಾರಿ ತಿರುಗುತ್ತದೆ. ಹಳದಿ, ಕೆಂಪು ಎಲೆಗಳು ನೆಲ ಮುಚ್ಚಿವೆ. ಎಲೆಗಳ ನಡುವೆ, ದಾರಿಯ ಎರಡೂ ಬದಿ, ಕಲ್ಲಿನ ಪ್ರಾಣಿಗಳು. ಸಿಂಹ, ಒಂಟೆ, ಕುದುರೆ, ಎಲ್ಲೂ ಇಲ್ಲದ ಕಥೆಯ ಪ್ರಾಣಿಗಳು. ಒಂದು ಜೋಡಿ ನಿಂತಿದ್ದರೆ ಅದೇ ಪ್ರಾಣಿಯ ಇನ್ನೊಂದು ಜೋಡಿ ಕೂತಿದೆ. ಆರು ಜಾತಿ, ಒಟ್ಟು 24. ಅವುಗಳ ನಡುವೆ ಆನೆ.

ನನ್ನ ಕಾಲು ಅಲ್ಲೇ ನಿಂತವು. ಅಂಬಾರಿಯಿಲ್ಲ, ಗಂಟೆಯಿಲ್ಲ, ಸರಪಳಿಯಿಲ್ಲ. ಒಂದೇ ಬಂಡೆಯಲ್ಲಿ ಎದ್ದ ಬರೀ ಆನೆ, ಸೊಂಡಿಲು ನೆಲಕ್ಕೆ ನೇರ. ಹಂಪಿಯ ಹಜಾರರಾಮ ದೇವಸ್ಥಾನದ ಹೊರಗೋಡೆಯಲ್ಲಿ ಸಾಲಾಗಿ ನಡೆಯುವ ಆನೆಗಳನ್ನು, ವಿಠ್ಠಲ ದೇವಸ್ಥಾನದ ಕಲ್ಲಿನ ತೇರಿನ ಮುಂದಿನ ಎರಡು ಆನೆಗಳನ್ನು, ಹನ್ನೊಂದು ಅಂಕಣದ ಗಜಶಾಲೆಯನ್ನು ಶಾಲೆಯ ಪ್ರವಾಸದಿಂದ ಹಿಡಿದು ನೋಡುತ್ತ ಬೆಳೆದವಳು ನಾನು. ಹಂಪಿಯ ಶಿಲ್ಪಿ ಆನೆಯನ್ನು ಸಿಂಗರಿಸದೆ ಬಿಡುವವನಲ್ಲ. ಇಲ್ಲಿಯವನು ತೂಕವನ್ನಷ್ಟೇ ಕೆತ್ತಿದ್ದಾನೆ. ಎರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ನಾನು ಹಂಪಿಯದ್ದೇ ಎನ್ನುತ್ತೇನೆ, ಆದರೆ ಈ ಆನೆಯ ಮುಂದೆ ನಿಂತಾಗ ಎದೆ ತುಂಬಿದ್ದು ನಿಜ.

ಈ ದಾರಿಯ ಕೊನೆಯಲ್ಲಿ ಮಿಂಗ್ ವಂಶ ಸ್ಥಾಪಿಸಿದ ಹೊಂಗ್‌ವು ಚಕ್ರವರ್ತಿಯ ಸಮಾಧಿ ಇದೆ. ಕೆಲಸ ಶುರುವಾದದ್ದು 1381ರಲ್ಲಿ, ಅವನನ್ನು ಹೂತದ್ದು 1398ರಲ್ಲಿ. ನಾನು ಗೆಳತಿಗೆ ನಮ್ಮ ಕಡೆಯ ಒಂದು ಸಂಗತಿ ಹೇಳಲು ಹೊರಟೆ. 1374ರಲ್ಲಿ ವಿಜಯನಗರದ ಬುಕ್ಕರಾಯ ಇದೇ ಚಕ್ರವರ್ತಿಯ ಆಸ್ಥಾನಕ್ಕೆ ರಾಯಭಾರಿಗಳನ್ನು ಕಳಿಸಿದ್ದನೆಂದು ಇತಿಹಾಸದ ಪುಸ್ತಕಗಳಲ್ಲಿದೆ. ಆಗ ರಾಜಧಾನಿ ಇದೇ ನಾನ್‌ಜಿಂಗ್. ಹಂಪಿಯ ಅಗೆತದಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ರಾಯಭಾರಿ, ಕಾಣಿಕೆ, ರಾಜಧಾನಿ: ಯಾವ ಪದಕ್ಕೂ ನನ್ನಲ್ಲಿ ಚೀನೀ ಇರಲಿಲ್ಲ. ರಾಜ, ಜನರನ್ನು ಕಳಿಸಿದ, ದೂರದಿಂದ, ದೋಣಿಯಲ್ಲಿ ಎಂದು ತುಂಡುತುಂಡಾಗಿ ಹೇಳಿದೆ. ಅವಳು ಒಂದೊಂದೇ ಪದ ಕೊಡುತ್ತ ಹೋದಳು, ನಾನು ಒಂದೊಂದೇ ಪೋಣಿಸುತ್ತ ಹೋದೆ. ತುಂಗಭದ್ರೆಯ ದಂಡೆಯಿಂದ ಹೊರಟ ಆ ಜನ ಇಲ್ಲಿ ಅರಸನ ಮುಂದೆ ಹೇಗೆ ಮಾತಾಡಿದರೋ, ಎಷ್ಟು ದುಭಾಷಿಗಳ ಬಾಯಿ ದಾಟಿ ಬುಕ್ಕರಾಯನ ಮಾತು ಚಕ್ರವರ್ತಿಯ ಕಿವಿ ಮುಟ್ಟಿತೋ. ಆ ಆನೆಯ ಪಕ್ಕ ನಿಂತಾಗ ನನಗೆ ಬಂದ ಯೋಚನೆ ಅದೊಂದೇ.

ವಾಪಸ್ಸು ಬರುವಾಗ ಅವಳು ಊರಿನ ಕೋಟೆಗೋಡೆಗೆ ಕರೆದೊಯ್ದಳು. ಮೂಲದಲ್ಲಿ ಸುಮಾರು 35 ಕಿಲೋಮೀಟರು, ಈಗ 25ರಷ್ಟು ಉಳಿದಿದೆ. ಇಟ್ಟಿಗೆಗಳ ಮೇಲೆ ಸುಟ್ಟವನ ಹೆಸರು, ಮೇಲ್ವಿಚಾರಕ ಅಧಿಕಾರಿಯ ಹೆಸರು ಅಚ್ಚೊತ್ತಿವೆ, ಇಟ್ಟಿಗೆ ಕೆಟ್ಟರೆ ಹೊಣೆ ಯಾರದೆಂದು ತಿಳಿಯಲಿ ಎಂದು. ನಾನು ಬೆರಳಿಟ್ಟು ಓದಲು ನೋಡಿದೆ. ಕೆಲವು ಅಕ್ಷರ ಸಿಕ್ಕವು. ಆರು ನೂರು ವರ್ಷದ ಹಿಂದಿನ ಒಬ್ಬ ಕೆಲಸಗಾರನ ಮನೆತನದ ಹೆಸರನ್ನು ಕಂಪ್ಲಿಯ ಹುಡುಗಿ ಓದಿದಳು. ಆ ಸಂತೋಷವನ್ನು ನಾನು ಯಾವ ಪರೀಕ್ಷೆಯ ಅಂಕದೊಂದಿಗೂ ಬದಲಾಯಿಸಿಕೊಳ್ಳುವುದಿಲ್ಲ.

ನಮ್ಮ ಮನೆಯಲ್ಲಿ ಚೀನಾ ಎಂಬ ಹೆಸರು ಮೊದಲು ಬಂದದ್ದು ಬೇರೆ ದಾರಿಯಲ್ಲಿ. ಸೋದರಮಾವ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದರು. 2008ರ ಬೀಜಿಂಗ್ ಒಲಿಂಪಿಕ್ಸಿನ ಸುಮಾರಿನ ವರ್ಷಗಳವು. ಹೊಸಪೇಟೆಯ ರಸ್ತೆಯಲ್ಲಿ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಮರದ ಎಲೆ, ಮಾವನ ರೆಪ್ಪೆ, ಅಂಗಿ, ಎಲ್ಲ ಕೆಂಪು. ಎಲ್ಲಿಗೆ ಹೋಗತೈತಿ ಮಾವ ಎಂದರೆ, ಬಂದರಿಗೆ, ಅಲ್ಲಿಂದ ಚೀನಾಕ್ಕ ಎನ್ನುತ್ತಿದ್ದರು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅಷ್ಟು ವರ್ಷ ನಮ್ಮ ಬೆಟ್ಟ ಕಡಿದು ಆ ದೇಶಕ್ಕೆ ಕಳಿಸಿದೆವು. ಆ ದೇಶದ ಒಂದು ಮಾತು ನಮ್ಮೂರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದಿರಿನ ವ್ಯಾಪಾರಕ್ಕೆ ಅದು ನಡೆಯಿತು. ಮಕ್ಕಳನ್ನು ಕಳಿಸುವಾಗ ನಡೆಯುವುದಿಲ್ಲ.

ಹಿರಿಯ ವಿದ್ಯಾರ್ಥಿಗಳು ಪಟ್ಟ ಪಾಡು ನಮ್ಮ ಹಾಸ್ಟೆಲಿನಲ್ಲಿ ಈಗಲೂ ಮಾತಿಗೆ ಬರುತ್ತದೆ. 2020ರ ಜನವರಿಯಲ್ಲಿ ಚಳಿಗಾಲದ ರಜೆಗೆಂದು ಊರಿಗೆ ಹೋದವರು ಕೊರೊನಾ ಬಂದು ಅಲ್ಲೇ ಉಳಿದರು. ಚೀನಾ ಮತ್ತೆ ವಿದ್ಯಾರ್ಥಿ ವೀಸಾ ಕೊಡಲು ಶುರುಮಾಡಿದ್ದು 2022ರ ಆಗಸ್ಟ್ 24ರಂದು. ನಡುವಿನ ಎರಡೂವರೆ ವರ್ಷ ಅಂಗರಚನೆಯನ್ನೂ ರೋಗಲಕ್ಷಣವನ್ನೂ ಮೊಬೈಲಿನ ಪರದೆಯಲ್ಲಿ ನೋಡಿದರು. ಒಬ್ಬ ರೋಗಿಯ ಕೈ ಹಿಡಿದಿರಲಿಲ್ಲ, ವಾರ್ಡಿನ ಮಾತು ಕಿವಿಗೆ ಬಿದ್ದಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೀಜಿಂಗಿನ ಭಾರತೀಯ ರಾಯಭಾರ ಕಚೇರಿ ಒಂದು ಲೆಕ್ಕ ಹೊರಹಾಕಿತು: 2015ರಿಂದ 2021ರವರೆಗೆ ಚೀನಾದಲ್ಲಿ ಓದಿ, ಭಾರತದಲ್ಲಿ ವೈದ್ಯರಾಗಲು ಬೇಕಾದ ಪರೀಕ್ಷೆಗೆ ಕೂತ 40,417 ಜನರಲ್ಲಿ ಪಾಸಾದವರು 6,387. ನೂರಕ್ಕೆ 16 ಜನ. 300 ಅಂಕದ ಪರೀಕ್ಷೆ, 150 ಬಂದರೆ ಸಾಕು. ಆದರೂ ಇಷ್ಟೇ. ಈ ಸಂಖ್ಯೆಯನ್ನು ಹೊಸಪೇಟೆಯಲ್ಲಿ ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ಆಪರೇಷನ್ನಾದ ಮರುದಿನ ಅಜ್ಜಿಯ ಹಾಸಿಗೆಗೆ ಹೋದೆ. ರಾತ್ರಿ ನಿದ್ದೆ ಬಂತಾ ಎಂದು ಕೇಳಿದೆ. ಅಜ್ಜಿ ಉತ್ತರ ಕೊಡಲಿಲ್ಲ. ನಾನು ಕೇಳಿದ ಒಂದು ಪದವನ್ನು ತಾವೇ ಹೇಳಿ, ಮತ್ತೆ ಹೇಳು ಎಂದು ಬೆರಳು ಎತ್ತಿದರು. ಹೇಳಿದೆ. ಸ್ವರ ಏರಿದೆ, ಇಳಿಸು ಎಂದು ಬೆರಳನ್ನು ಕೆಳಗೆ ಎಳೆದರು. ಮತ್ತೆ ಹೇಳಿದೆ. ಪಕ್ಕದ ಹಾಸಿಗೆಯವರೂ ಸೇರಿಕೊಂಡರು. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ನಗಲೂ ಆಗದೆ, ಆ ಅಜ್ಜಿ ನನ್ನ ನಾಲಿಗೆ ತಿದ್ದಿದರು. ನಮ್ಮ ಕಾಲೇಜಿನಲ್ಲಿ ಇಂಟರ್ನ್‌ಶಿಪ್ಪಿಗೆ ಮೊದಲು ಎಚ್‌ಎಸ್‌ಕೆ ಎಂಬ ಚೀನೀ ಪರೀಕ್ಷೆಯ ನಾಲ್ಕನೇ ಹಂತ ಮುಗಿಸಿರಬೇಕು. ಅದಕ್ಕೆಂದು ಕಲಿತ ಪದಗಳಿಗೆ ಜೀವ ಬರುವುದು ಇಂಥ ಹಾಸಿಗೆಗಳ ಪಕ್ಕದಲ್ಲಿ.

ಸಂಜೆ ಅವ್ವನ ದನಿ. ಅಲ್ಲಿನ್ನೂ ಬಿಸಿಲು.

"ಉಂಡ್ಯೇನವ್ವ?"

"ಇನ್ನೂ ಇಲ್ಲವ್ವ. ಇವತ್ತು ಒಬ್ಬ ಅಜ್ಜಿ ಕೂಡ ಮಾತಾಡಿಕೋತ ಕುಂತಿದ್ದೆ."

"ಅವರ ಮಾತು ತಿಳೀತೈತೇನು ನಿನಗ?"

"ಈಗ ತಿಳೀತೈತಿ."

"ಹಂಗಾದ್ರ ನಮ್ಮೂರ ಅಜ್ಜಿಗೋಳ ಮಾತು ಇನ್ನೂ ಚೊಲೊ ತಿಳೀತೈತಿ ಬಿಡು," ಎಂದಳು ಅವ್ವ.

ಹೊಸಪೇಟೆ, ಸಂಡೂರು, ಕಂಪ್ಲಿಯ ಅಪ್ಪ-ಅವ್ವಂದಿರಲ್ಲಿ ನನ್ನದೊಂದು ಬೇಡಿಕೆ. ಮಕ್ಕಳನ್ನು ಇಲ್ಲಿಗೆ ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ನನಗೆ ಇದು ಒಳ್ಳೆಯ ಶಾಲೆಯಾಗಿದೆ. ಆದರೆ ಫೀಸು ಕಟ್ಟುವ ಮೊದಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರಿನಲ್ಲಿ ಹೊರಡಿಸಿದ ನಿಯಮಗಳನ್ನು ಯಾರಿಂದಲಾದರೂ ಓದಿಸಿಕೊಳ್ಳಿ. ಕನಿಷ್ಠ 54 ತಿಂಗಳ ಓದು ಮತ್ತು ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇಲ್ಲದಿದ್ದರೆ ಪದವಿ ನಮ್ಮಲ್ಲಿ ನಡೆಯುವುದಿಲ್ಲ. ಏಜೆಂಟರ ಮಾತಿಗಿಂತ ಅದೇ ಕಾಲೇಜಿನಲ್ಲಿ ಈಗ ಓದುತ್ತಿರುವ ಮಗುವಿನ ಮಾತು ಕೇಳಿ. ಎಚ್‌ಎಸ್‌ಕೆ ಮೊದಲ ಹಂತದ ಪುಸ್ತಕ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲಿ ಕಲಿಯಬಹುದಾದಷ್ಟೇ ಇದೆ. ಮೊದಲು ಆ ಪುಸ್ತಕ ಕೊಡಿಸಿ, ವಿಮಾನದ ಟಿಕೆಟ್ ಆಮೇಲೆ ತೆಗೆಸಿ.