ನೆಲದಡಿಯ ಅಟ್ಟ

ನಮ್ಮೂರ ಮನೆಯಲ್ಲಿ ಬೇಡವಾದ ಸಾಮಾನೆಲ್ಲ ಅಟ್ಟಕ್ಕೆ ಹೋಗುತ್ತದೆ. ಮುರಿದ ತೊಟ್ಟಿಲು, ಕಾಲು ಹೋದ ಮಣೆ, ಸೋರುವ ಹಂಡೆ. ಬಿಸಾಕಲು ಮನಸ್ಸಿಲ್ಲ, ಕೆಳಗಿಟ್ಟುಕೊಳ್ಳಲು ಜಾಗವಿಲ್ಲ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿರುವ ನನ್ನ ಮಗಳ ಮನೆಯಲ್ಲಿ ಈ ಅಟ್ಟ ನೆಲದ ಕೆಳಗಿದೆ. ಅಡುಗೆಮನೆಯ ಪಕ್ಕದ ಬಾಗಿಲು ತೆಗೆದು 13 ಮೆಟ್ಟಿಲು ಇಳಿದರೆ ಮನೆಯಷ್ಟೇ ದೊಡ್ಡದಾದ ಒಂದು ಕೋಣೆ. ಬರಿ ಕಾಂಕ್ರೀಟಿನ ಗೋಡೆ, ಬರಿ ಕಾಂಕ್ರೀಟಿನ ನೆಲ, ತಲೆಯ ಮೇಲೆ ಮರದ ತೊಲೆಗಳು, ಅವುಗಳ ನಡುವೆ ಪೈಪು, ವೈರು. ಅಲ್ಲಿಯವರು ಇದನ್ನು ‘ಅನ್‌ಫಿನಿಶ್ಡ್ ಬೇಸ್‌ಮೆಂಟ್’ ಅನ್ನುತ್ತಾರೆ. ಅಳಿಯಂದಿರು ಮಾತ್ರ ‘ಮುಂದಿನ ವರ್ಷ ಮಾಡಿಸೋಣ’ ಅನ್ನುತ್ತಾರೆ. ಹಾಗನ್ನುತ್ತ 11 ವರ್ಷವಾಗಿದೆ.

ಇಷ್ಟು ಆಳಕ್ಕೆ ಯಾಕೆ ಅಗೆಯುತ್ತಾರೆ? ಚಳಿಗಾಲದಲ್ಲಿ ಅಲ್ಲಿ ಮಣ್ಣೊಳಗಿನ ನೀರೂ ಹೆಪ್ಪುಗಟ್ಟಿ ಉಬ್ಬುತ್ತದೆ, ಮೇಲಿನ ಮನೆಯನ್ನೇ ಎತ್ತಿಬಿಡುತ್ತದೆ. ಅದಕ್ಕೆ ಮಿಶಿಗನ್ನಿನಲ್ಲಿ ಅಡಿಪಾಯ ಕನಿಷ್ಠ 42 ಅಂಗುಲ ಕೆಳಗಿರಬೇಕು. ಹೇಗೂ ಅಗೆಯುತ್ತೇವಲ್ಲ, ಇನ್ನಷ್ಟು ಅಗೆದರೆ ಒಂದು ಕೋಣೆಯೇ ಸಿಕ್ಕಿತಲ್ಲ ಎಂಬ ಲೆಕ್ಕ.

ಹೋದ ಜೂನ್‌ನಲ್ಲಿ ಹೋದಾಗ, ಕೂತು ಕೂತು ಬೇಸತ್ತು, ಇದನ್ನು ನಾನೇ ಸ್ವಚ್ಛ ಮಾಡುತ್ತೇನೆಂದು ಕಸಬರಿಗೆ ಹಿಡಿದು ಇಳಿದೆ. ಜೊತೆಗೆ ಹತ್ತು ವರ್ಷದ ಮೊಮ್ಮಗ. ಮೂಗಿಗೆ ಮುಗ್ಗಲು ವಾಸನೆ ಹೊಡೆಯಿತು. ಊರಿನಲ್ಲಿ ಮುಗ್ಗಲು ಬಂದರೆ ಏನು ಮಾಡುತ್ತೇವೆ? ಕಿಟಕಿ ತೆಗೆಯುತ್ತೇವೆ. ಗೋಡೆಯ ಮೇಲ್ತುದಿಯಲ್ಲಿದ್ದ ನಾಲ್ಕು ಪುಟ್ಟ ಕಿಟಕಿಗಳನ್ನೂ ತೆಗೆದು, ಗಾಳಿ ಆಡಲಿ ಎಂದು ಮೂರು ದಿನ ಹಾಗೇ ಬಿಟ್ಟೆ.

ಮೂರನೆಯ ದಿನ ಗೋಡೆಗಳು ಬೆವರುತ್ತಿದ್ದವು. ನೆಲದ ಮೇಲೆ ನನ್ನ ಚಪ್ಪಲಿಯ ಗುರುತು ಮೂಡುತ್ತಿತ್ತು.

“ಅಪ್ಪಾ, ಬ್ಯಾಸಿಗಿಯೊಳಗ ಆ ಕಿಟಕಿ ಯಾರಾದ್ರೂ ತಗೀತಾರೇನು?” ಎಂದಳು ಮಗಳು.

ತಪ್ಪು ನನ್ನದೇ. ತಣ್ಣನೆಯ ಮಜ್ಜಿಗೆ ಲೋಟದ ಹೊರಮೈ ಬೆವರುವುದನ್ನು ನೀವು ನೋಡಿದ್ದೀರಲ್ಲ? ಲೋಟ ಸೋರಿ ಅಲ್ಲ, ಗಾಳಿಯಲ್ಲಿರುವ ತೇವವೇ ತಂಪಿಗೆ ನೀರಾಗಿ ಕೂರುತ್ತದೆ. ನೆಲದಡಿಯ ಗೋಡೆ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಹೊರಗಿನ ಬಿಸಿ ತೇವದ ಗಾಳಿಯನ್ನು ನಾನೇ ಕರೆದು ಒಳಗೆ ಕೂರಿಸಿದ್ದೆ.

ಆದರೆ ಎಲ್ಲ ನೀರೂ ಗಾಳಿಯದೇನಾ? ಅದನ್ನು ಕಂಡುಹಿಡಿಯುವ ಉಪಾಯ ಮೊಮ್ಮಗನಿಗೆ ಗೊತ್ತಿತ್ತು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಒಂದೊಂದು ಅಡಿ ಚೌಕಕ್ಕೆ ಕತ್ತರಿಸಿ, ಒರೆಸಿ ಒಣಗಿಸಿದ ಗೋಡೆಗೆ ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿದೆವು. ಎರಡು ದಿನ ಬಿಟ್ಟು ನೋಡಬೇಕು. ಹಾಳೆಯ ಹೊರಮೈ ಒದ್ದೆಯಾದರೆ ನೀರು ಗಾಳಿಯದು, ಹಿಂಬದಿ ಒದ್ದೆಯಾದರೆ ಗೋಡೆಯೊಳಗಿಂದ ಬಂದದ್ದು. ಮೂರು ಕಡೆ ಹೊರಮೈ ಒದ್ದೆಯಾಗಿತ್ತು. ಈಶಾನ್ಯದ ಮೂಲೆಯಲ್ಲಿ ಮಾತ್ರ ಹಿಂಬದಿ.

ಹೊರಗೆ ಹೋಗಿ ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಮಾಡಿನ ಮಳೆನೀರು ಇಳಿಯುವ ಕೊಳವೆಯ ಕೊನೆಯ ತುಂಡು ಕಳಚಿ ಬಿದ್ದು, ನೀರೆಲ್ಲ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಆರಡಿ ಉದ್ದದ ಹೊಸ ಕೊಳವೆ ಸಿಕ್ಕಿಸಿ, ಬುಡಕ್ಕೆ ಮಣ್ಣು ಹಾಕಿ, ನೀರು ಮನೆಯಿಂದಾಚೆ ಹರಿಯುವಂತೆ ಇಳಿಜಾರು ಮಾಡಿದೆವು. ಒಳಗೆ ಆ ಮೂಲೆಯಲ್ಲಿ ಬಿಳಿ ಪುಡಿ ಕಟ್ಟಿತ್ತು. ಬೂಷ್ಟು ಎಂದು ಹೆದರಿದ್ದೆ. ನೀರು ಚಿಮುಕಿಸಿದರೆ ಕರಗಿತು. ಅದು ಉಪ್ಪು. ಕಾಂಕ್ರೀಟಿನೊಳಗಿನ ಉಪ್ಪನ್ನು ನೀರು ಹೊರಗೆ ತಂದಿಟ್ಟು ತಾನು ಆರಿಹೋಗುತ್ತದೆ. ಒಣ ಬ್ರಷ್‌ನಿಂದ ತಿಕ್ಕಿದರೆ ಸಾಕು, ಉದುರುತ್ತದೆ. (ಬೂಷ್ಟೇ ಆಗಿದ್ದರೆ ಮೂಗಿಗೆ ಮಾಸ್ಕು, ಕೈಗೆ ಗ್ಲೌಸು ಬೇಕು. ಬ್ಲೀಚನ್ನು ವಿನೆಗರ್ ಜೊತೆ ಎಂದೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಮಕ್ಕಳಂತೂ ಅದರ ಹತ್ತಿರಕ್ಕೂ ಹೋಗಬೇಡಿ.)

ಮೊಮ್ಮಗನಿಗೆ ಅಚ್ಚುಮೆಚ್ಚು ಇನ್ನೊಂದು ಮೂಲೆಯ ಗುಂಡಿ. ನೆಲದಡಿಯ ನೀರು ಅದರಲ್ಲಿ ಬಂದು ಸೇರುತ್ತದೆ. ನೀರೇರಿದಾಗ ಒಳಗಿನ ಬುರುಡೆ ತೇಲಿ ಪಂಪು ತಾನೇ ಶುರುವಾಗಿ ಹೊರಗೆ ಎತ್ತಿ ಹಾಕುತ್ತದೆ. ಪಂಪು ಕೆಟ್ಟದ್ದು ಮಳೆಯ ರಾತ್ರಿ ಗೊತ್ತಾದರೆ ಕೆಲಸ ಕೆಟ್ಟಿತು. ಬಕೆಟ್ ನೀರು ಸುರಿದು ಈಗಲೇ ಪರೀಕ್ಷಿಸಬೇಕು. ಅವನು ಅದನ್ನು ದಿನಕ್ಕೆ ನಾಲ್ಕು ಸಲ ಪರೀಕ್ಷಿಸಿದ.

ಗುಂಡಿ ನೋಡಿ ನನಗೆ ನಮ್ಮೂರ ಹಗೇವು ನೆನಪಾಯಿತು. ಗದಗಿನ ಕಡೆ ನಾನು ಹುಡುಗನಿದ್ದಾಗ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಯಾರೂ ಒಳಗಿಳಿಯುವಂತಿರಲಿಲ್ಲ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು. ಕಾಳು ಉಸಿರಾಡಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ತಳದಲ್ಲಿ ತುಂಬಿರುತ್ತದೆ.

“ಇಲ್ಲೂ ಹಂಗ ಗಾಳಿ ಅದ ಅಜ್ಜ, ರೇಡಾನ್” ಎಂದ ಮೊಮ್ಮಗ. ನಿಜ. ಮಣ್ಣಿನಲ್ಲಿರುವ ಯುರೇನಿಯಂನಿಂದ ಹುಟ್ಟುವ ಅನಿಲ ಅದು. ಬಣ್ಣವಿಲ್ಲ, ವಾಸನೆಯಿಲ್ಲ, ವರ್ಷಗಟ್ಟಲೆ ಉಸಿರಾಡಿದರೆ ಪುಪ್ಪುಸದ ಕ್ಯಾನ್ಸರ್ ತರಬಲ್ಲದು. ಅದಕ್ಕೆ ಕಂದೀಲು ನಡೆಯದು. ಕಿಟಕಿ ಬಾಗಿಲು ಮುಚ್ಚಿ ಒಂದು ಸಣ್ಣ ಪೊಟ್ಟಣವನ್ನು ಕೆಲವು ದಿನ ತೂಗುಹಾಕಿ, ಪ್ರಯೋಗಶಾಲೆಗೆ ಅಂಚೆಯಲ್ಲಿ ಕಳಿಸಬೇಕು. ಅಳತೆ 4 ದಾಟಿದರೆ ದುರಸ್ತಿ ಮಾಡಿಸಬೇಕೆಂದು ಅಲ್ಲಿನ ಸರ್ಕಾರ ಹೇಳುತ್ತದೆ. ನಮ್ಮದು 2.6 ಬಂತು.

ಇಷ್ಟೆಲ್ಲ ಆದರೂ ಈಶಾನ್ಯದ ಮೂಲೆಯಲ್ಲಿದ್ದ ಒಂದು ಸೂಟ್‌ಕೇಸನ್ನು ನಾನು ಮುಟ್ಟಿರಲಿಲ್ಲ. ಮಗಳೂ ಮುಟ್ಟಿರಲಿಲ್ಲ, ಹತ್ತು ವರ್ಷದಿಂದ. ಅದು ನನ್ನ ಹೆಂಡತಿಯದು. ಮಗಳ ಬಾಣಂತನಕ್ಕೆ ಬಂದು ಆರು ತಿಂಗಳಿದ್ದು, ‘ಮತ್ತ ಬರತೀನಲ್ಲ, ಯಾಕ ಹೊರಬೇಕು’ ಎಂದು ಇಟ್ಟುಹೋಗಿದ್ದಳು. ಮತ್ತೆ ಬರಲಿಲ್ಲ. ಮರುವರ್ಷವೇ ತೀರಿಕೊಂಡಳು.

ಕಾಂಕ್ರೀಟು ದೀಪದ ಬತ್ತಿಯ ಹಾಗೆ ನೀರು ಹೀರುತ್ತದೆ. ಬರಿನೆಲಕ್ಕೆ ಏನನ್ನೂ ಇಡಬಾರದು. ಜೋಳದ ಚೀಲದ ಕೆಳಗೆ ಹಲಗೆ ಇಡುತ್ತಿದ್ದ ಮನೆಯವನು ನಾನು, ಬಂದ ದಿನವೇ ಅದನ್ನು ಎತ್ತಿಡಬೇಕಿತ್ತು. ಅದನ್ನು ಬಿಟ್ಟು ಕಿಟಕಿ ತೆಗೆದು ಇನ್ನಷ್ಟು ನೆನೆಸಿದ್ದೆ.

ಭಾನುವಾರ ಮೂವರೂ ಕೂತು ತೆಗೆದೆವು. ಒಂದು ಸ್ವೆಟರು, ಎರಡು ಇಳಕಲ್ ಸೀರೆ. ತಳದಲ್ಲಿ ಒಂದು ಕೌದಿ, ಅರ್ಧ ಹೊಲಿದದ್ದು. ಹಳೆ ಸೀರೆಯ ತುಂಡುಗಳನ್ನು ಮೊಮ್ಮಗನಿಗೆಂದು ಜೋಡಿಸಿದ್ದಳು. ಸೂಜಿ ಅದರಲ್ಲೇ ಇತ್ತು, ತುಕ್ಕು ಹಿಡಿದು ಬಟ್ಟೆಗೆ ಅಂಟಿಕೊಂಡಿತ್ತು. ಒಂದು ಅಂಚಿಗೆ ಕರಿ ಬೂಷ್ಟು.

ಮಗಳು ಏನೂ ಮಾತಾಡಲಿಲ್ಲ. ಬಿಸಿನೀರಿನಲ್ಲಿ ಎರಡು ಸಲ ಒಗೆದು ಹಿತ್ತಲಿನ ಕಟಕಟೆಯ ಮೇಲೆ ಬಿಸಿಲಿಗೆ ಹಾಕಿದಳು. ವಾಸನೆ ಹೋಯಿತು, ಕಲೆ ಉಳಿಯಿತು. ಆ ಅಂಚು ಕತ್ತರಿಸಿಬಿಡು ಎಂದೆ. ಬೇಡ ಎಂದಳು.

ಹೊರಡುವ ಮುನ್ನ ಇಟ್ಟಿಗೆ ಜೋಡಿಸಿ, ಹಲಗೆ ಹಾಕಿ, ಸಾಮಾನೆಲ್ಲ ಗೋಡೆಯಿಂದ ಒಂದು ಗೇಣು ದೂರ ಇಟ್ಟೆ. ಗಾಳಿಯ ತೇವ ಹೀರುವ ಯಂತ್ರವೊಂದನ್ನು ಅಳಿಯಂದಿರು ತಂದರು. ಮೊದಲ ದಿನವೇ ಅದರ ಡಬ್ಬಿ ತುಂಬಿತು. ತೇವ ನೂರಕ್ಕೆ 50ರ ಒಳಗಿರಬೇಕು. ನೋಡಿಕೊಳ್ಳುವ ಕೆಲಸ ಮೊಮ್ಮಗನದು. ಭಾನುವಾರ ಫೋನಿನಲ್ಲಿ ಮೊದಲು ಅದನ್ನೇ ಹೇಳುತ್ತಾನೆ: “ಅಜ್ಜ, 47.”

ಹೋದ ವಾರ ಮಗಳು ಫೋನು ಇಸಿದುಕೊಂಡಳು. ಅವ್ವ ಹೊಲಿಯುತ್ತಿದ್ದ ಹಸಿರು ದಪ್ಪ ದಾರ ಅಲ್ಲಿ ಎಲ್ಲೂ ಸಿಗುತ್ತಿಲ್ಲವಂತೆ. ಗದಗಿನ ಪೇಟೆಯಲ್ಲಿ ನೋಡಿ, ಬರುವವರ ಕೈಲಿ ನಾಲ್ಕು ಉಂಡೆ ಕಳಿಸಬೇಕು.