ಜ್ವರವೇ ಇರಲಿಲ್ಲ

ನಾನು ಬೆಂಗಳೂರಿನ ಲ್ಯಾಬೊಂದರಲ್ಲಿ ಫ್ಲೋ ಸೈಟೋಮೀಟರ್ ಮುಂದೆ ದಿನ ಕಳೆಯುವವಳು. ರಕ್ತದ ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಹಾಯಿಸಿ, ಅವುಗಳ ಮೈಮೇಲೆ ಯಾವ ಗುರುತು ಎಷ್ಟಿದೆ ಅಂತ ಲೆಕ್ಕ ಹಾಕುವ ಯಂತ್ರ ಅದು. ಊರಲ್ಲಿ ಮಾತ್ರ ‘ರಕ್ತ ಪರೀಕ್ಷೆ ಮಾಡ್ತು’ ಅಂದರೆ ಮುಗೀತು.

ದೊಡ್ಡವರಿಗೆ ಸೋಂಕು ತಗುಲಿದರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿಗೆ ಓಡುತ್ತವೆ. ಆದರೆ ರಕ್ತನಾಳದಲ್ಲಿ ಹರಿಯುತ್ತಿರುವ ಕಣ ಹೊರಗೆ ಬರಬೇಕಾದರೆ ಮೊದಲು ಗೋಡೆ ಹಿಡಿಯಬೇಕಲ್ಲ? ಎಲ್-ಸೆಲೆಕ್ಟಿನ್ ಎಂಬ ಕೊಕ್ಕೆ ಓಟವನ್ನು ತಗ್ಗಿಸಿ ಕಣವನ್ನು ಗೋಡೆಯ ಮೇಲೆ ಉರುಳಿಸುತ್ತದೆ. ಆಮೇಲೆ ಮ್ಯಾಕ್-1 ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಸುಗೂಸಿನ ಕಣಗಳಲ್ಲಿ ಕೊಕ್ಕೆಯೇ ಕಡಿಮೆ. ಸೋಂಕಿನ ಸುದ್ದಿ ಮುಟ್ಟಿದರೂ ಮ್ಯಾಕ್-1 ದೊಡ್ಡವರಲ್ಲಿ ಏರಿದಷ್ಟು ಏರುವುದಿಲ್ಲ. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇನ್ನೂ ಕಷ್ಟ. ಕಾಲಿಗೆ ತಳೆ ಹಾಕದೆ ಮಳೆಗಾಲದಲ್ಲಿ ಅಡಿಕೆ ಮರ ಹತ್ತಿದ ಹಾಗೆ!

ಕಳೆದ ಮಳೆಗಾಲ ಅಕ್ಕನ ಬಾಣಂತನಕ್ಕೆ ಸಿದ್ದಾಪುರ ತಾಲೂಕಿನ ಮನ್ಮನೆಗೆ, ನಮ್ಮ ಮನೆಗೆ ಹೋಗಿದ್ದೆ. ಒಂಬತ್ತನೇ ದಿನ ಸಂಜೆಯಿಂದ ಮಾಣಿ ಹಾಲಿಗೆ ಬಾಯಿ ಹಾಕಲಿಲ್ಲ. ಅಳುವೂ ಇಲ್ಲ. ಪಾದ ಮುಟ್ಟಿದರೆ ತಣ್ಣಗೆ. ಅಜ್ಜಿ ಹಣೆ ಮುಟ್ಟಿ, ‘ಜ್ವರನೇ ಇಲ್ಯಲೇ ಕೂಸೇ, ಪಾಪದ ಮಾಣಿ, ಮನಿಕ್ಯಂಡಿದ್ದ’ ಅಂದಳು. ಹತ್ತು ಮಕ್ಕಳ ಬಾಣಂತನ ಮಾಡಿದ ಕೈ ಅದು, ಎದುರಾಡುವುದು ಸುಲಭವಲ್ಲ. ನಾನು ಆಯಿಗೆ ಹೇಳಿದೆ, ‘ಹೊರಡನ, ಈಗಲೇ.’ ಅಪ್ಪಯ್ಯ ಪಕ್ಕದ ಮನೆಯ ಜೀಪು ಕರೆಸಿದ. ಅಕ್ಕ ಮಾಣಿಯನ್ನು ಎದೆಗೆ ಚರ್ಮ ತಾಗುವಂತೆ ಅಪ್ಪಿ, ಮೇಲೆ ಕಂಬಳಿ ಹೊದ್ದಳು. ಮಳೆಯಲ್ಲಿ ಶಿರಸಿ ಮುಟ್ಟುವಾಗ ರಾತ್ರಿ ಹನ್ನೊಂದು ದಾಟಿತ್ತು.

ರಕ್ತಕ್ಕೇ ಸೋಂಕು ಇಳಿದಿತ್ತು. ಹತ್ತು ದಿನ ಆ್ಯಂಟಿಬಯೋಟಿಕ್.

ಕಣ ಅಂಟದಿರುವುದೊಂದೇ ಕಾರಣ ಅಲ್ಲ. ಇಷ್ಟು ಚಿಕ್ಕ ದೇಹಕ್ಕೆ ತನ್ನ ಬಿಸಿಯನ್ನೇ ಕಾಪಾಡಿಕೊಳ್ಳಲು ಬರುವುದಿಲ್ಲ, ಹಾಗಾಗಿ ಸೋಂಕಿದ್ದರೂ ಮೈ ಸುಡುವ ಬದಲು ತಣ್ಣಗಾಗಬಹುದು. ನೀವು ಹೊಸ ಅಪ್ಪ-ಅಮ್ಮಂದಿರಾಗಿದ್ದರೆ ಥರ್ಮಾಮೀಟರ್ ಇಟ್ಟುಕೊಳ್ಳಿ, ಆದರೆ ಅದನ್ನೇ ನಂಬಿ ಕೂರಬೇಡಿ. ಹಾಲು ಬಿಡುವುದು, ಎಬ್ಬಿಸಿದರೂ ಏಳದಿರುವುದು, ತಣ್ಣನೆ ಮೈ, ಏದುಸಿರು, ಇಷ್ಟರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯುವಂತಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರುವುದೂ ಇದೇ ಕೆಲಸಕ್ಕೆ.

ಮಾಣಿ ಈಗ ಅಂಬೆಗಾಲಿಡುತ್ತಾನೆ. ಅಜ್ಜಿ ಮಾತ್ರ ಈಗಲೂ ಮೊದಲು ಹಣೆ ಮುಟ್ಟುತ್ತಾಳೆ, ಆಮೇಲೆ ಅಕ್ಕನ ಕಡೆ ತಿರುಗಿ, ‘ಹಾಲು ಕುಡದ್ನನೇ?’ ಅನ್ನುತ್ತಾಳೆ.