ನಂಜುಂಡನ ಊರಿನಲ್ಲೊಂದು ಹಸಿರು ತೊಟ್ಟಿ

ನಮ್ಮ ಮನೆ ನಂಜನಗೂಡಿನಲ್ಲಿ, ಕೆಲಸ ಬೆಂಗಳೂರಿನಲ್ಲಿ. ಹದಿನೈದು ದಿನಕ್ಕೊಮ್ಮೆ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಊರಿಗೆ ಬಂದರೆ ನಾನು ಮೊದಲು ನೋಡೋದು ಹಿತ್ತಲಿನ ಮೀನಿನ ತೊಟ್ಟಿ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಎರಡು ಅಡಿ ಆಳ. ಸುಮಾರು 1,350 ಲೀಟರ್ ನೀರು ಹಿಡಿಯುತ್ತೆ. ಅಮ್ಮ ಆಸೆಪಟ್ಟು ಕಟ್ಟಿಸಿದ್ದು. ಅಮ್ಮ ಹೋಗಿ ಎರಡು ವರ್ಷವಾಯ್ತು. ಈಗ ಅದರೊಳಗಿನ ಗೋಲ್ಡ್ ಫಿಶ್‌ಗಳೇ ಅಪ್ಪನಿಗೆ ಜೊತೆ.

ಈ ಏಪ್ರಿಲ್‌ನಲ್ಲಿ ಬಂದಾಗ ಮೀನೇ ಕಾಣಲಿಲ್ಲ. ನೀರೆಲ್ಲ ಕಡು ಹಸಿರು, ಗೋಡೆ ತುಂಬ ಕೂದಲಿನಂಥ ಪಾಚಿ. "ವಾರಕ್ಕೊಂದ್ಸಲ ಪೂರ್ತಿ ಖಾಲಿ ಮಾಡಿ ಉಜ್ತೀನಿ ಕಣೋ, ನಾಲ್ಕು ದಿನಕ್ಕೆ ಮತ್ತೆ ಹಂಗೇ ಆಗುತ್ತೆ" ಅಂದರು ಅಪ್ಪ.

ನಾನು ಎಂಜಿನಿಯರ್ ಅಲ್ಲವಾ! ಐದು ನಿಮಿಷ ಮೊಬೈಲ್ ನೋಡಿದೆ. ತಾಮ್ರ ಪಾಚಿಯನ್ನು ಕೊಲ್ಲುತ್ತೆ ಅಂತ ಗೊತ್ತಾಯ್ತು. ಗಿಡಕ್ಕೆ ಬೋರ್ಡೋ ದ್ರಾವಣ ಮಾಡೋಕೆ ತಂದಿಟ್ಟ ಮೈಲುತುತ್ತ ಮನೆಯಲ್ಲೇ ಇತ್ತು. ಅಳತೆ ನೋಡದೆ ಕರಗಿಸಿ ಸುರಿದುಬಿಟ್ಟೆ. ಮಾರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಹನ್ನೊಂದು ಮೀನಿನಲ್ಲಿ ಒಂಬತ್ತು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಪ್ಪ ಬೈಯಲಿಲ್ಲ. ಉಳಿದ ಎರಡನ್ನು ಬಕೆಟ್ಟಿಗೆ ಹಾಕಿ, ಸತ್ತವನ್ನು ಬಾಳೆ ಬುಡದಲ್ಲಿ ಹೂತು, ಒಳಗೆ ಹೋಗಿ ಪೇಪರ್ ಹಿಡಿದು ಕೂತರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಂಜುಂಡನ ಊರಲ್ಲಿ ಕೂತು ಮೀನಿಗೆ ನಂಜು ಹಾಕಿದವನು ನಾನು.

ಆಮೇಲೆ ಸಮಾಧಾನವಾಗಿ ಓದಿದಾಗ ಅರ್ಥವಾಯ್ತು. ತಾಮ್ರ ಮೀನಿನ ಕಿವಿರಿಗೇ ಪೆಟ್ಟು ಕೊಡುತ್ತೆ. ಜೊತೆಗೆ ಪಾಚಿಯೆಲ್ಲ ಒಂದೇ ಸಲ ಸತ್ತು ಕೊಳೆತರೆ ನೀರಿನಲ್ಲಿರೋ ಆಮ್ಲಜನಕವನ್ನು ಆ ಕೊಳೆಯೇ ನುಂಗಿಬಿಡುತ್ತೆ.

ಮಧ್ಯಾಹ್ನ ಅಪ್ಪನನ್ನು ಬೈಕಲ್ಲಿ ಕೂರಿಸಿಕೊಂಡು ಟಿ. ನರಸೀಪುರಕ್ಕೆ ಹೊರಟೆ. ಅಲ್ಲಿ ದೊಡ್ಡಮ್ಮನ ಮನೆ, ಅಮ್ಮನ ಅಕ್ಕ. ನಮ್ಮೂರು ದಾಟಿದ ಕಪಿಲೆ ಕಾವೇರಿಯನ್ನು ಸೇರೋದೂ ಅಲ್ಲೇ. ದಾರಿಯುದ್ದಕ್ಕೂ ಗದ್ದೆ, ತೋಟ, ನಾಲೆ. ಒಂದು ಕಡೆ ನೀರು ಕುಡಿಯೋಕೆ ನಿಲ್ಲಿಸಿದಾಗ ನೋಡಿದೆ: ಗದ್ದೆಯ ನೀರು ಬಸಿದು ನಿಂತಿದ್ದ ಕಾಲುವೆ ನಮ್ಮ ತೊಟ್ಟಿಯಷ್ಟೇ ಹಸಿರು. "ಯೂರಿಯಾ ಭತ್ತಕ್ಕೆ ಮಾತ್ರ ಅಂತ ಬೋರ್ಡ್ ಹಾಕಿರಲ್ಲವಲ್ಲ, ಪಾಚೀನೂ ತಿನ್ನುತ್ತೆ" ಅಂದರು ಅಪ್ಪ. ಅವತ್ತು ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಸಂಜೆ ದೊಡ್ಡಮ್ಮನೂ ಸೇರಿ ತ್ರಿವೇಣಿ ಸಂಗಮಕ್ಕೆ ಹೋದೆವು. ಕಾವೇರಿ, ಕಪಿಲೆ ಎರಡು ಕಣ್ಣಿಗೆ ಕಾಣುತ್ತವೆ. ಮೂರನೆಯದು ಸ್ಫಟಿಕ ಸರೋವರ, ಗುಪ್ತವಾಗಿದೆ ಅನ್ನೋದು ನಂಬಿಕೆ. 1989ರಿಂದ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ಮಾಡುತ್ತಾ ಬಂದಿದ್ದಾರೆ. ನಾವು ಹೋದಾಗ ಜನ ಇರಲಿಲ್ಲ, ಬೇಸಿಗೆಯ ನದಿ ಇಳಿದಿತ್ತು. ಹರಿಯೋ ಕಡೆ ನೀರು ತಿಳಿಯಾಗಿತ್ತು. ಹರಿವಿನಿಂದ ಬೇರೆಯಾಗಿ ದಡದ ಗುಂಡಿಗಳಲ್ಲಿ ನಿಂತ ನೀರು ಮಾತ್ರ ಹಸಿರು. ನದಿ ಒಂದೇ, ಬಿಸಿಲೂ ಒಂದೇ.

ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮಮ್ಮ ಇದ್ದಾಗ ಇಷ್ಟು ಪಾಚಿ ಇರ್ಲಿಲ್ಲವಲ್ಲ ಮಗಾ, ಆಮೇಲೆ ಏನು ಬದಲಾಯಿಸಿದ್ರಿ?"

ಆಫೀಸಿನಲ್ಲಿ ಸಿಸ್ಟಮ್ ಕೆಟ್ಟಾಗ ನಾವು ಕೇಳೋ ಮೊದಲ ಪ್ರಶ್ನೆಯೇ ಅದು. ಮನೆಯಲ್ಲಿ ಮಾತ್ರ ನನಗೆ ಹೊಳೆದಿರಲಿಲ್ಲ. ಬದಲಾಗಿದ್ದು ಎರಡು. ಕಾರು ನಿಲ್ಲಿಸೋಕೆ ಜಾಗ ಬೇಕು ಅಂತ ತೊಟ್ಟಿಗೆ ನೆರಳಾಗಿದ್ದ ಸಂಪಿಗೆ ಮರ ಕಡಿಸಿದ್ದೆ. ಇನ್ನೊಂದನ್ನು ಅಪ್ಪನೇ ಮೆಲ್ಲಗೆ ಹೇಳಿದರು: "ಹೊತ್ತು ಹೋಗಲ್ಲ. ದಿನಕ್ಕೆ ನಾಲ್ಕೈದು ಸಲ ಮೀನಿಗೆ ಆಹಾರ ಹಾಕ್ತೀನಿ. ನಾನು ಹೋದ್ರೆ ಮೇಲೆ ಬರ್ತವೆ."

ನಾನೇನೂ ಹೇಳಲಿಲ್ಲ. ಸಂಗಮದ ಹತ್ತಿರದ ಗುಂಜಾ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋದೆವು. ಈ ಕ್ಷೇತ್ರದ ಪುಣ್ಯ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಹಿರಿಯರು ಹೇಳ್ತಾರೆ. ಹೊರಗೆ ಬರುವಾಗ ದೊಡ್ಡಮ್ಮ, "ಪುಣ್ಯ ಹೆಚ್ಚಾದ್ರೆ ಒಳ್ಳೇದು ಭಾವ, ಮೀನಿನ ಊಟ ಮಾತ್ರ ಒಂದು ಗುಲಗಂಜಿ ಕಮ್ಮಿನೇ ಇರ್ಲಿ" ಅಂದರು. ಅಪ್ಪ ನಕ್ಕರು.

ವಾಪಸ್ ಬರುವಾಗ ದೊಡ್ಡಮ್ಮ ತಮ್ಮ ಸಿಮೆಂಟ್ ತೊಟ್ಟಿಯಿಂದ ನೈದಿಲೆಯ ಎರಡು ಗೆಡ್ಡೆ ಕಿತ್ತುಕೊಟ್ಟರು. ಆಮೇಲೆ ನಾವು ಮಾಡಿದ್ದು ಇಷ್ಟು.

ತಾಮ್ರದ ನೀರನ್ನೆಲ್ಲ ಹೊರಹಾಕಿ, ತೊಟ್ಟಿಯನ್ನು ಎರಡು ಮೂರು ಸಲ ತೊಳೆದೆವು. ನಲ್ಲಿ ನೀರಿನ ಕ್ಲೋರಿನ್ ಹೋಗಲಿ ಅಂತ ತುಂಬಿಸಿ ಎರಡು ದಿನ ಬಿಟ್ಟು, ಆಮೇಲೆ ಮೀನು ಬಿಟ್ಟೆವು.

ನೈದಿಲೆಯನ್ನು ಕುಂಡದಲ್ಲಿ ನೆಟ್ಟು ತಳದಲ್ಲಿಟ್ಟೆವು. ಎಲೆಗಳು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೀರನ್ನು ಮುಚ್ಚಿದರೆ ಸಾಕು. ಬಿಸಿಲು ತಡೆಯುತ್ತವೆ, ಪಾಚಿಯ ಪಾಲಿನ ಗೊಬ್ಬರವನ್ನೂ ಗಿಡವೇ ಹೀರುತ್ತೆ. ಅದು ಹಬ್ಬೋ ತನಕ ಮೇಲೆ ಹಸಿರು ನೆರಳು ಬಲೆ ಕಟ್ಟಿದ್ದೆವು.

ಮೀನಿಗೆ ದಿನಕ್ಕೊಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಉಳಿದದ್ದು ಕೊಳೆತರೆ ಅದೇ ಪಾಚಿಗೆ ಗೊಬ್ಬರ.

ಪೂರ್ತಿ ಖಾಲಿ ಮಾಡೋದು ಬಿಟ್ಟೆವು. ಹಾಗೆ ಉಜ್ಜಿದರೆ ಮೀನಿನ ಕೊಳೆಯನ್ನು ಅರಗಿಸೋ ಒಳ್ಳೆಯ ಬ್ಯಾಕ್ಟೀರಿಯಾವೂ ಹೋಗುತ್ತೆ. ವಾರಕ್ಕೊಮ್ಮೆ ಐದರಲ್ಲೊಂದು ಪಾಲು ನೀರು ತೆಗೆದು ಬಾಳೆಗೆ ಹಾಕಿ, ಅಷ್ಟೇ ಹೊಸ ನೀರು ತುಂಬುತ್ತೇವೆ. ಒಂದು ಸಣ್ಣ ಪಂಪ್ ನೀರನ್ನು ಚಿಮ್ಮಿಸುತ್ತೆ. ಅದರಿಂದ ಪಾಚಿ ಹೋಗಲ್ಲ, ಮೀನಿಗೆ ಉಸಿರಾಡೋಕೆ ಅನುಕೂಲ.

ನಾಲ್ಕು ಸಲ ಆಹಾರ ಹಾಕೋ ಕೆಲಸ ತಪ್ಪಿದ್ದಕ್ಕೆ ಅಪ್ಪ ಬೇರೆ ಕೆಲಸ ಹುಡುಕಿಕೊಂಡಿದ್ದಾರೆ. ಬೆಳಿಗ್ಗೆ ಒರಟು ಕಡ್ಡಿಗೆ ಉದ್ದ ಪಾಚಿಯನ್ನು ಶಾವಿಗೆ ಥರ ಸುತ್ತಿ ತೆಗೆದು ಗಿಡದ ಬುಡಕ್ಕೆ ಹಾಕ್ತಾರೆ. ಸಂಜೆ ಜಾಲರಿಯಲ್ಲಿ ಉದುರಿದ ಎಲೆ ಎತ್ತುತ್ತಾರೆ. ನೀರು ತಿಳಿಯಾಗೋಕೆ ಎರಡು ತಿಂಗಳ ಹತ್ತಿರ ಹಿಡಿಯಿತು. ಗೋಡೆಯ ಮೇಲೆ ತೆಳ್ಳಗೆ ಹಸಿರು ಇನ್ನೂ ಇದೆ. "ಅದಿರ್ಲಿ ಬಿಡೋ, ಮೀನು ಕೆರೆದು ತಿನ್ತವೆ" ಅಂತಾರೆ.

ನಿಮ್ಮ ತೊಟ್ಟಿಯೂ ಹಸಿರಾಗಿದ್ದರೆ ಔಷಧಿ ಹುಡುಕೋ ಮುಂಚೆ ದೊಡ್ಡಮ್ಮನ ಪ್ರಶ್ನೆ ಕೇಳಿಕೊಳ್ಳಿ. ನಾನಂತೂ ಕಾರನ್ನು ಬೀದಿಯಲ್ಲಿ ನಿಲ್ಲಿಸ್ತಿದ್ದೀನಿ. ಆ ಜಾಗದಲ್ಲಿ ಹೊಸ ಸಂಪಿಗೆ ಸಸಿ ಈಗ ಮೊಣಕಾಲೆತ್ತರ ಬಂದಿದೆ.